ಶಾಲೆ ಸರಕಾದರೆ ಹುಟ್ಟೇ ಹಣೆಬರಹ

ಒಂದು ಮಗು ಓದು ಬರಹ ಕಲಿಯದೆ ಬೆಳೆದರೆ ಅದಕ್ಕೆ ಉತ್ತರ ಹೇಳಬೇಕಾದವರು ಯಾರು? ಯಾದಗಿರಿ, ಶಹಾಪುರ, ಸುರಪುರದ ಕಡೆ ಈ ಪ್ರಶ್ನೆಗೆ ಹಿಂದಿನಿಂದ ಬಂದ ಉತ್ತರವೊಂದಿದೆ: ‘ಅದರ ನಸೀಬಿನ್ಯಾಗ ಸಾಲಿ ಬರದಿಲ್ಲ.’ ಹಿಂದಿನ ಜನ್ಮದ ಫಲ, ಹಣೆಯ ಮೇಲಿನ ಬರಹ, ದೇವರಿಟ್ಟ ಹಾಗೆ ಎಂದು ಯಾವ ಮಾತಿನಲ್ಲಿ ಹೇಳಿದರೂ ತಾತ್ಪರ್ಯ ಒಂದೇ; ಆ ಮಗುವಿನ ಪಾಡಿಗೆ ಊರು ಹೊಣೆಯಲ್ಲ. ಕಳೆದ ಕೆಲವು ದಶಕಗಳಲ್ಲಿ ಇದರ ಪಕ್ಕಕ್ಕೆ ಇನ್ನೊಂದು ಉತ್ತರ ಬಂದು ಕೂತಿದೆ: ‘ದುಡ್ಡಿದ್ದವರು ಒಳ್ಳೆ ಸಾಲಿಗೆ ಹಾಕ್ತಾರ, ಇಲ್ಲದವರು ಸರ್ಕಾರಿ ಸಾಲಿಗೆ ಹಾಕ್ತಾರ; ಅದು ಅವರವರ ಆಯ್ಕೆ.’ ಮೊದಲನೆಯದು ಧರ್ಮದ ಮಾತು, ಎರಡನೆಯದು ಮಾರುಕಟ್ಟೆಯ ಮಾತು. ಆದರೆ ಎರಡೂ ಮಾಡುವ ಕೆಲಸ ಒಂದೇ. ಮಗು ಯಾವ ಮನೆಯಲ್ಲಿ ಹುಟ್ಟಿತು ಎಂಬುದನ್ನೇ ಅದರ ಪಾಲಿನ ತೀರ್ಪಾಗಿಸಿ, ಉಳಿದ ನಮ್ಮನ್ನೆಲ್ಲ ಋಣದಿಂದ ಬಿಡಿಸುತ್ತವೆ. ಶಾಲೆಯನ್ನು ಕೊಳ್ಳುವ ಸರಕಾಗಿಸುವ ನೀತಿಯನ್ನು ಬರೀ ಆರ್ಥಿಕ ನೀತಿಯೆಂದು ನೋಡಿದರೆ ಅದರ ಅರ್ಧ ಮಾತ್ರ ಕಾಣುತ್ತದೆ. ಹುಟ್ಟಿನಿಂದ ಮನುಷ್ಯರನ್ನು ವಿಂಗಡಿಸುವ ಹಳೆಯ ವ್ಯವಸ್ಥೆಗೆ ಅದು ಹೊಸ ಬಾಗಿಲು ತೆರೆದುಕೊಡುತ್ತದೆ. ಹಾಗಾಗಿ ಅದನ್ನು ಧರ್ಮದ ಪ್ರಶ್ನೆಯಾಗಿ, ನ್ಯಾಯದ ಪ್ರಶ್ನೆಯಾಗಿ ಎದುರಿಸಬೇಕು ಎಂಬುದು ನನ್ನ ವಾದ.

ಯಾದಗಿರಿಯ ಸ್ಥಿತಿ ಏನೆಂಬುದನ್ನು ಮೊದಲು ನೋಡೋಣ. 2011ರ ಜನಗಣತಿಯಲ್ಲಿ ಕರ್ನಾಟಕದ ಸಾಕ್ಷರತೆ ಶೇ 75.36 ಇದ್ದರೆ ಯಾದಗಿರಿ ಜಿಲ್ಲೆಯದು ಶೇ 51.83, ರಾಜ್ಯದಲ್ಲೇ ಕೊನೆಯ ಸ್ಥಾನ. ಹೆಣ್ಣುಮಕ್ಕಳ ಸಾಕ್ಷರತೆ ಶೇ 41ರ ಆಸುಪಾಸಿನಲ್ಲಿತ್ತು. 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಉಡುಪಿ ಶೇ 94ರ ಫಲಿತಾಂಶದೊಂದಿಗೆ ಮೊದಲ ಸ್ಥಾನದಲ್ಲಿದ್ದಾಗ ಯಾದಗಿರಿ ಶೇ 50.59ರೊಂದಿಗೆ ಕೊನೆಗಿತ್ತು. ಈ ಅಂಕಿಗಳ ಜೊತೆಗೇ ಓದಬೇಕಾದ ಇನ್ನೊಂದು ಅಂಕಿಯಿದೆ. ಅದೇ ಜನಗಣತಿಯ ಪ್ರಕಾರ ಜಿಲ್ಲೆಯ ಜನರಲ್ಲಿ ಪರಿಶಿಷ್ಟ ಜಾತಿಯವರು ಸುಮಾರು ಶೇ 23, ಪರಿಶಿಷ್ಟ ಪಂಗಡದವರು ಸುಮಾರು ಶೇ 12. ಎರಡೂ ಸೇರಿದರೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು. ರಾಜ್ಯದ ಸರಾಸರಿಯಲ್ಲಿ ಈ ಮೊತ್ತ ನಾಲ್ಕರಲ್ಲಿ ಒಂದು ಪಾಲಿನಷ್ಟು. ಈ ಹಿಂದುಳಿಕೆಗೆ ಮಾರುಕಟ್ಟೆಯೊಂದೇ ಕಾರಣವಲ್ಲ. 1948ರವರೆಗೆ ಈ ಸೀಮೆ ನಿಜಾಮರ ರಾಜ್ಯದಲ್ಲಿತ್ತು, ಹಳ್ಳಿಗಳಿಗೆ ಶಾಲೆ ಬಂದದ್ದೇ ತಡವಾಗಿ. 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ ಯಾದಗಿರಿ, ಶಹಾಪುರ, ಸುರಪುರ ಮೂರನ್ನೂ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಗೆ ಸೇರಿಸಿತು. 2012ರ ಸಂವಿಧಾನ ತಿದ್ದುಪಡಿಯಿಂದ ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371ಜೆ ವಿಧಿ ಬಂತು. 2018ರಲ್ಲಿ ಕೇಂದ್ರದ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಯಲ್ಲಿ ಕರ್ನಾಟಕದಿಂದ ರಾಯಚೂರಿನ ಜೊತೆ ಯಾದಗಿರಿ ಸೇರಿತು. ಹಿಂದುಳಿಕೆ ಹಳೆಯದು, ನಿಜ. ಆದರೆ ಇಂಥ ನೆಲದಲ್ಲಿಯೇ ಸರ್ಕಾರಿ ಶಾಲೆಯ ಬೆಲೆ ಹೆಚ್ಚು. ಮನೆಯಲ್ಲಿ ಪುಸ್ತಕವಿಲ್ಲದ, ಓದಿದ ಅಪ್ಪ ಅವ್ವ ಇಲ್ಲದ ಮಗುವಿಗೆ ಊರ ಶಾಲೆ ಬಿಟ್ಟರೆ ಬೇರೆ ದಾರಿಯಿಲ್ಲ. ಆ ದಾರಿ ಕಿರಿದಾದರೆ ಉಡುಪಿಯ ಮಧ್ಯಮವರ್ಗದ ಮಗುವಿಗಾಗುವ ನಷ್ಟಕ್ಕಿಂತ ಸುರಪುರದ ತಾಂಡಾದ ಮಗುವಿಗಾಗುವ ನಷ್ಟ ಎಷ್ಟೋ ಪಾಲು ದೊಡ್ಡದು.

ಹತ್ತಿ ಹಂಗಾಮಿನ ಯಾವುದೇ ದಿನ ಬೆಳಗ್ಗೆ ಶಹಾಪುರ, ಸುರಪುರಕ್ಕೆ ಹೋಗುವ ಹಳ್ಳಿ ರಸ್ತೆಗಳಲ್ಲಿ ಎರಡು ಬಗೆಯ ಗಾಡಿಗಳು ಎದುರಾಗುತ್ತವೆ. ಒಂದು, ಟೈ ಬೆಲ್ಟು ಹಾಕಿಕೊಂಡ ಮಕ್ಕಳನ್ನು ಪಟ್ಟಣದ ಇಂಗ್ಲಿಷ್ ಮಾಧ್ಯಮ ಶಾಲೆಗೆ ಒಯ್ಯುವ ಹಳದಿ ವ್ಯಾನು. ಇನ್ನೊಂದು, ಹತ್ತಿ ಬಿಡಿಸಲು ಕೂಲಿಯವರನ್ನು ತುಂಬಿಕೊಂಡು ಹೊಲದ ಕಡೆ ಹೊರಟ ಟಂಟಂ. ಅದರ ಹಿಂಬದಿಯಲ್ಲಿ ಅವ್ವಂದಿರ ನಡುವೆ ಕಾಲು ಇಳಿಬಿಟ್ಟು ಕೂತ, ಐದನೆಯದೋ ಏಳನೆಯದೋ ತರಗತಿಯ ಹುಡುಗಿಯರು. ಅದೇ ಹೊತ್ತಿಗೆ ಊರ ಶಾಲೆಯಲ್ಲಿ ಒಂದೇ ಕೋಣೆಯೊಳಗೆ ಒಂದು, ಎರಡು, ಮೂರನೆಯ ತರಗತಿಗಳನ್ನು ಒಟ್ಟಿಗೆ ಕೂರಿಸಿ ನಲಿ-ಕಲಿ ನಡೆಯುತ್ತಿರುತ್ತದೆ. ಹಾಜರಿ ಪುಸ್ತಕ ತೆರೆದರೆ ಕೆಲವು ಹೆಸರುಗಳ ಮುಂದೆ ವಾರಗಟ್ಟಲೆ ಗೈರುಹಾಜರಿಯ ಗುರುತು. ವ್ಯಾನಿನಲ್ಲಿ ಕೂತವರು ಯಾವ ಓಣಿಯವರು, ಟಂಟಂನಲ್ಲಿ ಕೂತವರು ಯಾವ ಕೇರಿಯವರು, ಶಾಲೆಯಲ್ಲಿ ಉಳಿದವರು ಯಾರು ಎಂದು ಊರವರನ್ನು ಕೇಳಿದರೆ ಯಾರೂ ತಡವರಿಸುವುದಿಲ್ಲ. ಹೊಲವಿರುವ, ಅಂಗಡಿಯಿರುವ, ಪಗಾರವಿರುವ ಮನೆಗಳ ಮಕ್ಕಳು ವ್ಯಾನಿನಲ್ಲಿ. ಹೊಲೆಯ, ಮಾದಿಗ, ಲಂಬಾಣಿ, ಬೇಡ, ಬಡ ಮುಸ್ಲಿಂ ಮನೆಗಳ ಮಕ್ಕಳಲ್ಲಿ ಹೆಚ್ಚಿನವರು ಊರ ಶಾಲೆಯಲ್ಲಿ ಅಥವಾ ಹೊಲದಲ್ಲಿ. ಎಲ್ಲ ಊರಿನಲ್ಲೂ ಗೆರೆ ಇಷ್ಟು ನೇರವಾಗಿಲ್ಲ; ಸಾಲ ಮಾಡಿ ವ್ಯಾನಿಗೆ ಹತ್ತಿಸುವ ದಲಿತ ಮನೆಗಳೂ ಇವೆ. ಆದರೆ ಗೆರೆ ಯಾವ ದಿಕ್ಕಿಗಿದೆ ಎಂಬುದರಲ್ಲಿ ಅನುಮಾನವಿಲ್ಲ.

ವ್ಯಾನು ಹತ್ತಿದವರು ಹೋದದ್ದಷ್ಟೇ ಆಗಿದ್ದರೆ ಇದು ಅವರವರ ಮನೆಯ ವಿಚಾರವೆಂದು ಬಿಡಬಹುದಿತ್ತು. ಹೋಗುವವರು ತಮ್ಮ ಮಕ್ಕಳ ಜೊತೆಗೆ ತಮ್ಮ ದನಿಯನ್ನೂ ಒಯ್ಯುತ್ತಾರೆ. ಪಂಚಾಯಿತಿ ಸದಸ್ಯ, ಸೊಸೈಟಿ ಅಧ್ಯಕ್ಷ, ಗುತ್ತಿಗೆದಾರ, ಸ್ವತಃ ಶಿಕ್ಷಕ, ಇವರ ಮಕ್ಕಳು ಊರ ಶಾಲೆಯಲ್ಲಿ ಕೂರದಿದ್ದ ಮೇಲೆ ಸೋರುವ ಸೂರಿನ ಬಗ್ಗೆ, ವರ್ಷಗಟ್ಟಲೆ ಖಾಲಿ ಬಿದ್ದ ಗಣಿತ ಶಿಕ್ಷಕರ ಹುದ್ದೆಯ ಬಗ್ಗೆ ಬಿಇಒ ಕಚೇರಿಗೆ ಹೋಗಿ ಕೇಳುವವರು ಯಾರು? ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ಉಳಿಯುವುದು ದಿನಗೂಲಿಯ ತಂದೆತಾಯಿ. ಒಂದು ದಿನ ಸಭೆಗೆ ಬಂದರೆ ಒಂದು ದಿನದ ಕೂಲಿ ಹೋಯಿತು. ಮಕ್ಕಳ ಸಂಖ್ಯೆ ಇಳಿದರೆ ಶಿಕ್ಷಕರು ‘ಹೆಚ್ಚುವರಿ’ ಎನಿಸಿ ಬೇರೆಡೆಗೆ ಹೋಗುತ್ತಾರೆ. ಶಿಕ್ಷಕರು ಹೋದರೆಂದು ಇನ್ನಷ್ಟು ತಂದೆತಾಯಿ ಟಿಸಿ ಕೇಳುತ್ತಾರೆ. ಕೊನೆಗೆ ‘ಮಕ್ಕಳೇ ಇಲ್ಲದ ಶಾಲೆ ಯಾಕೆ’ ಎಂಬ ಪ್ರಶ್ನೆ ಕಡತಕ್ಕೆ ಬರುತ್ತದೆ. ಶಾಲೆಯ ಬಾಗಿಲಲ್ಲಿ ಜಾತಿ ಕೇಳುವುದನ್ನು ಕಾನೂನು ನಿಷೇಧಿಸಿತು. ಈಗ ಶುಲ್ಕ ಕೇಳಿದರೆ ಸಾಕಾಗುತ್ತದೆ. ಶತಮಾನಗಳಿಂದ ಭೂಮಿ, ಕೂಲಿ, ಸಾಲಗಳಲ್ಲಿ ಜಾತಿ ಹಂಚಿಟ್ಟ ಅಂತರ ಆ ಶುಲ್ಕದ ಮೂಲಕ ತಾನಾಗಿಯೇ ಶಾಲೆಯೊಳಗೆ ಬರುತ್ತದೆ. ಯಾರೂ ಯಾರನ್ನೂ ಹೊರಗೆ ಹಾಕಲಿಲ್ಲ, ಆದರೂ ಎಲ್ಲರೂ ಬೇರೆ ಬೇರೆಯಾದರು.

ಇದು ಮಳೆ ಗಾಳಿಯ ಹಾಗೆ ತಾನಾಗಿ ಬಂದದ್ದಲ್ಲ, ಸರ್ಕಾರಗಳೂ ನ್ಯಾಯಾಲಯಗಳೂ ಹಂತಹಂತವಾಗಿ ತೆರೆದ ದಾರಿ. ಕೊಠಾರಿ ಆಯೋಗ 1966ರಲ್ಲಿ ಎಲ್ಲ ಮಕ್ಕಳೂ ಒಟ್ಟಿಗೆ ಓದುವ ಸಮಾನ ಶಾಲಾ ವ್ಯವಸ್ಥೆ, ನೆರೆಹೊರೆಯ ಶಾಲೆ ಬೇಕೆಂದು ಹೇಳಿತ್ತು, ಅದು ಜಾರಿಯಾಗಲಿಲ್ಲ. ಶಿಕ್ಷಣದ ಮಾರಾಟದ ಬಗ್ಗೆ ದೇಶದ ದೊಡ್ಡ ಮೊಕದ್ದಮೆಗಳು ಹುಟ್ಟಿದ್ದು ನಮ್ಮ ರಾಜ್ಯದಲ್ಲೇ. ಡೊನೇಷನ್ ಹಾವಳಿ ತಡೆಯಲು 1984ರಲ್ಲಿ ಕರ್ನಾಟಕ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾನೂನು ತಂದಿತು. 1992ರಲ್ಲಿ ಮೋಹಿನಿ ಜೈನ್ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಶಿಕ್ಷಣ ಹಕ್ಕು, ಅದನ್ನು ಮಾರುವಂತಿಲ್ಲ ಎಂದಿತು. ಹತ್ತು ವರ್ಷದ ಬಳಿಕ, 2002ರ ಟಿ.ಎಂ.ಎ. ಪೈ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಖಾಸಗಿ ಅನುದಾನರಹಿತ ಸಂಸ್ಥೆಗಳಿಗೆ ಶುಲ್ಕ ಮತ್ತು ಆಡಳಿತದಲ್ಲಿ ವಿಶಾಲ ಸ್ವಾತಂತ್ರ್ಯ ಕೊಟ್ಟಿತು. ಲಾಭಕೋರತನ ಕೂಡದು ಎಂಬ ಷರತ್ತು ತೀರ್ಪಿನಲ್ಲಿ ಉಳಿಯಿತು, ಊರಿನಲ್ಲಿ ಅದನ್ನು ಅಳೆಯುವವರಿಲ್ಲ. ಅದೇ ವರ್ಷ ಸಂವಿಧಾನಕ್ಕೆ 21ಎ ವಿಧಿ ಸೇರಿ 6ರಿಂದ 14ರ ಮಕ್ಕಳ ಶಿಕ್ಷಣ ಮೂಲಭೂತ ಹಕ್ಕಾಯಿತು. 2009ರ ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಗಳ ಪ್ರವೇಶ ತರಗತಿಯಲ್ಲಿ ಶೇ 25 ಸೀಟುಗಳನ್ನು ಬಡ ಮತ್ತು ಅವಕಾಶವಂಚಿತ ಮಕ್ಕಳಿಗೆ ಮೀಸಲಿಟ್ಟಿತು. ಕರ್ನಾಟಕ 2018ರ ಕೊನೆಯಲ್ಲಿ ನಿಯಮ ಬದಲಿಸಿ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಗೆ ಈ ಬಾಧ್ಯತೆ ಇಲ್ಲವೆಂದಿತು. ಮರುವರ್ಷ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಲಕ್ಷದ ಲೆಕ್ಕದಲ್ಲಿದ್ದ ಪ್ರವೇಶ ಸಾವಿರದ ಲೆಕ್ಕಕ್ಕೆ ಇಳಿಯಿತು. ಸರ್ಕಾರದ ಹಣ ಖಾಸಗಿ ಶಾಲೆಗೆ ಹೋಗುವುದು ತಪ್ಪಿ ಸರ್ಕಾರಿ ಶಾಲೆಗೆ ಬಲ ಬರುತ್ತದೆ ಎಂಬ ಕಾರಣಕ್ಕೆ ಹಲವರು ಇದನ್ನು ಒಪ್ಪಿದರು. ಆ ಕಾರಣದಲ್ಲಿ ತಿರುಳಿದೆ. ಆದರೆ ಉಳಿದ ಹಣದಿಂದ ಊರ ಶಾಲೆಯನ್ನು ಎತ್ತುವ ಕೆಲಸ ಅಷ್ಟೇ ಬಿರುಸಿನಲ್ಲಿ ನಡೆಯಲಿಲ್ಲ. ಉಳ್ಳವರ ಶಾಲೆಗೆ ಬಡವರ ಮಗು ಹೋಗುವ ಬಾಗಿಲು ಮುಚ್ಚಿತು, ಬಡವರ ಶಾಲೆಗೆ ಉಳ್ಳವರ ಮಗು ಬರುವ ಬಾಗಿಲು ತೆರೆಯಲಿಲ್ಲ.

ನಗರದ ನೀತಿಗೂ ಇದಕ್ಕೂ ನೇರ ಸಂಬಂಧವಿದೆ. ಬೆಂಗಳೂರಿನ ಹೊಸ ಬಡಾವಣೆಗಳಲ್ಲಿ ನಾಗರಿಕ ಸೌಲಭ್ಯಕ್ಕೆಂದು ಬಿಟ್ಟ ನಿವೇಶನಗಳು ಖಾಸಗಿ ಶಿಕ್ಷಣ ಸಂಸ್ಥೆಗಳಿಗೆ ಗುತ್ತಿಗೆಗೆ ಹೋದದ್ದು ಗುಟ್ಟೇನಲ್ಲ. ಸಾರ್ವಜನಿಕರಿಗೆ ಸೇರಿದ ಜಾಗದಲ್ಲಿ ಶಾಲೆ ಎದ್ದರೂ ಆ ಕಟ್ಟಡ ಕಟ್ಟಿದವರ ಮಕ್ಕಳಿಗೆ ಅದರಲ್ಲಿ ಜಾಗವಿಲ್ಲ. ಕಟ್ಟಿದವರಲ್ಲಿ ಯಾದಗಿರಿಯವರು ಬಹಳ. ಮಳೆ ಕೈಕೊಟ್ಟ ವರ್ಷ ಹಳ್ಳಿಗೆ ಹಳ್ಳಿಯೇ, ತಾಂಡಾಕ್ಕೆ ತಾಂಡಾವೇ ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದಿಗೆ ಗುಳೆ ಹೋಗುತ್ತದೆ. ತಗಡಿನ ಶೆಡ್ಡುಗಳಲ್ಲಿ ಬಿಡಾರ. ಊರ ಶಾಲೆಯ ಹಾಜರಿಯಲ್ಲಿ ಹೆಸರಿರುವ ಮಗು ನಗರದ ಶೆಡ್ಡಿನಲ್ಲಿ ತಮ್ಮನನ್ನು ಎತ್ತಿಕೊಂಡು ಕೂತಿರುತ್ತದೆ. ಕೈಗಳನ್ನು ಕರೆಸಿಕೊಳ್ಳುವ ನಗರ ಆ ಕೈಗಳ ಮಕ್ಕಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಏಕೆಂದರೆ ನಗರದ ಯೋಜನೆಯಲ್ಲಿ ಶಾಲೆ ಬೇಡಿಕೆಗೆ ತಕ್ಕಂತೆ ಬರುವ ಸೌಲಭ್ಯ. ಶೆಡ್ಡಿನವರ ಬೇಡಿಕೆಯ ಹಿಂದೆ ಹಣವಿಲ್ಲ. ಇದೇ ಮಾದರಿ ಸಣ್ಣ ಪ್ರಮಾಣದಲ್ಲಿ ಯಾದಗಿರಿ, ಶಹಾಪುರ, ಸುರಪುರದ ಹೊರವಲಯದ ಲೇಔಟುಗಳಿಗೂ ಬಂದಿದೆ. ಪ್ಲಾಟು ಮಾರುವಾಗ ಪಕ್ಕದಲ್ಲಿ ಯಾವ ಇಂಗ್ಲಿಷ್ ಶಾಲೆಯಿದೆ ಎಂಬುದೂ ಬೆಲೆಗೆ ಸೇರುತ್ತದೆ.

‘ಆಯ್ಕೆ’ ಎಂಬ ವಾದದ ಹುಟ್ಟನ್ನು ಹುಡುಕಿದರೆ ನಮ್ಮದೇ ನೆಲದ ಒಂದು ಹಳೆಯ ಕಡತ ಸಿಗುತ್ತದೆ. 1856ರಲ್ಲಿ ಮಹಾರ್ ಜಾತಿಯ ಒಬ್ಬ ಹುಡುಗ ಧಾರವಾಡದ ಸರ್ಕಾರಿ ಶಾಲೆಗೆ ಪ್ರವೇಶ ಕೇಳಿ ಅರ್ಜಿ ಹಾಕಿದ. ಬಾಂಬೆ ಸರ್ಕಾರ ಅವನ ಕೋರಿಕೆ ನ್ಯಾಯವಾದದ್ದೆಂದು ಒಪ್ಪಿಯೂ ನಿರಾಕರಿಸಿತು. ಒಬ್ಬನನ್ನು ಸೇರಿಸಿಕೊಂಡರೆ ಉಳಿದವರೆಲ್ಲ ಶಾಲೆ ಬಿಡುತ್ತಾರೆ, ಆಗ ಶಾಲೆ ಬಹುಜನರಿಗೆ ಉಪಯೋಗವಿಲ್ಲದಂತಾಗುತ್ತದೆ ಎಂಬುದು ಅದರ ಸಮರ್ಥನೆ. ಬಿಟ್ಟು ಹೋಗುವವರ ಇಚ್ಛೆಗೆ ತೂಕ ಕೊಟ್ಟು, ಒಳಬರಲು ಬಯಸಿದವನ ಹಕ್ಕನ್ನು ಬದಿಗಿಟ್ಟರು. 1858ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಮಂಡಳಿ ಸರ್ಕಾರಿ ಶಾಲೆ ಎಲ್ಲ ವರ್ಗಗಳಿಗೂ ತೆರೆದದ್ದು ಎಂಬ ತತ್ವವನ್ನು ಎತ್ತಿಹಿಡಿಯಬೇಕಾಯಿತು. ಬಿಟ್ಟು ಹೋಗುವವರ ಇದೇ ತರ್ಕ ಅಮೆರಿಕದಲ್ಲೂ ಕಂಡಿತು. ಅಲ್ಲಿನ ಸುಪ್ರೀಂ ಕೋರ್ಟಿನ 1954ರ ತೀರ್ಪು ಕರಿಯ, ಬಿಳಿಯ ಮಕ್ಕಳನ್ನು ಬೇರೆಬೇರೆ ಶಾಲೆಯಲ್ಲಿ ಓದಿಸುವುದನ್ನು ರದ್ದು ಮಾಡಿದಾಗ ವರ್ಜೀನಿಯಾದ ಪ್ರಿನ್ಸ್ ಎಡ್ವರ್ಡ್ ಕೌಂಟಿ 1959ರಲ್ಲಿ ತನ್ನ ಸಾರ್ವಜನಿಕ ಶಾಲೆಗಳನ್ನೇ ಮುಚ್ಚಿತು. ಬಿಳಿಯ ಮಕ್ಕಳು ಸಾರ್ವಜನಿಕ ಹಣದ ನೆರವಿನಿಂದ ಖಾಸಗಿ ಶಾಲೆಗೆ ಹೋದರು. ಕರಿಯ ಮಕ್ಕಳು ಐದು ವರ್ಷ ಶಾಲೆಯಿಲ್ಲದೆ ಕಳೆದರು. ನಮ್ಮಲ್ಲೂ ಇದು ಹಳೆಯ ಕತೆಯಾಗಿಲ್ಲ: ಚಾಮರಾಜನಗರ ತಾಲ್ಲೂಕಿನ ಹೊಮ್ಮ ಗ್ರಾಮದ ಶಾಲೆಯಲ್ಲಿ ದಲಿತ ಮಹಿಳೆ ಮುಖ್ಯ ಅಡುಗೆಯವರಾದ ಮೇಲೆ ಹೆಚ್ಚುಕಡಿಮೆ ಎಲ್ಲ ಮಕ್ಕಳೂ ಬಿಟ್ಟುಹೋದ ಸುದ್ದಿ ಬಂದದ್ದು 2025ರ ಜೂನ್ ತಿಂಗಳಲ್ಲಿ. ಕಲಿಕೆಯ ಗುಣಮಟ್ಟವೂ ಕಾರಣವೆಂಬ ಮಾತು ಆಗ ಕೇಳಿಬಂತು. ಇರಬಹುದು. ಆದರೆ ಗುಣಮಟ್ಟದ ಹೆಸರಿನಲ್ಲಿ ಹೋದವನನ್ನೂ ಅಸ್ಪೃಶ್ಯತೆಯಿಂದ ಹೋದವನನ್ನೂ ಮಾರುಕಟ್ಟೆ ಒಂದೇ ಗ್ರಾಹಕನೆಂದು ನೋಡುತ್ತದೆ. ಯಾಕೆ ಹೋದಿರಿ ಎಂದು ಅದು ಕೇಳುವುದಿಲ್ಲ. ಕೇಳಬೇಕಾದವರು ನಾವು.

ಇಡೀ ವ್ಯವಸ್ಥೆಯನ್ನೇ ಆಯ್ಕೆಯ ಮೇಲೆ ನಿಲ್ಲಿಸಿದ ದೇಶಗಳ ಅನುಭವವೂ ಇದೆ. ಚಿಲಿ 1981ರಲ್ಲಿ ಮಗುವಿನ ಬೆನ್ನಿಗೆ ಹಣ ಕಟ್ಟಿ, ತಂದೆತಾಯಿ ಬಯಸಿದ ಶಾಲೆಗೆ ಆ ಹಣ ಹೋಗುವ ವೌಚರ್ ಪದ್ಧತಿ ತಂದಿತು. ಅನುಕೂಲಸ್ಥರು ಸಾರ್ವಜನಿಕ ಶಾಲೆ ಬಿಟ್ಟರು, ಬಡವರು ಉಳಿದರು. 2006ರಲ್ಲಿ, ಮತ್ತೆ 2011ರಲ್ಲಿ ವಿದ್ಯಾರ್ಥಿಗಳೇ ಬೀದಿಗಿಳಿದರು. 2015ರಲ್ಲಿ ಸರ್ಕಾರದ ಹಣ ಪಡೆಯುವ ಶಾಲೆಗಳಲ್ಲಿ ಲಾಭ, ಶುಲ್ಕ, ಆಯ್ದು ಸೇರಿಸಿಕೊಳ್ಳುವ ಪದ್ಧತಿಗಳನ್ನು ಕೊನೆಗೊಳಿಸುವ ಕಾನೂನು ಬಂತು. ಷಿಕಾಗೊ ನಗರ 2013ರಲ್ಲಿ ಮಕ್ಕಳ ಸಂಖ್ಯೆ ಕಡಿಮೆಯೆಂಬ ಕಾರಣ ಕೊಟ್ಟು ಸುಮಾರು 50 ಸಾರ್ವಜನಿಕ ಶಾಲೆಗಳನ್ನು ಒಮ್ಮೆಲೇ ಮುಚ್ಚಿತು; ಶಾಲೆ ಕಳೆದುಕೊಂಡವರಲ್ಲಿ ಬಹುಪಾಲು ಕರಿಯ ಮಕ್ಕಳು. ಅಲ್ಲಿನ ಬಣ್ಣದ ಜಾಗದಲ್ಲಿ ಇಲ್ಲಿ ಜಾತಿ ಇದೆ. ಕರ್ನಾಟಕ ಪಬ್ಲಿಕ್ ಶಾಲೆಗಳ ವಿಸ್ತರಣೆಯ ಜೊತೆಗೆ ಸುತ್ತಲಿನ ಸಣ್ಣ ಶಾಲೆಗಳ ವಿಲೀನದ ಮಾತು ಎದ್ದಾಗ ಯಾವ ಕೇರಿಯ, ಯಾವ ತಾಂಡಾದ ಮಗು ದೂರ ನಡೆಯಬೇಕಾಗುತ್ತದೆ ಎಂಬ ಪ್ರಶ್ನೆ ಮೊದಲು ಬರಬೇಕು. ಮೂರು ಕಿಲೋಮೀಟರು ಎಂಬುದು ಕಡತದಲ್ಲಿ ಸಣ್ಣ ಅಂತರ. ಹನ್ನೆರಡು ವರ್ಷದ ಹುಡುಗಿಗೆ ಅದು ಶಾಲೆ ಬಿಡಿಸಲು ಸಾಕಾಗುವ ಅಂತರ.

ಈಗ ಧರ್ಮದ ಪ್ರಶ್ನೆಗೆ ಬರುತ್ತೇನೆ. ಕರ್ಮಸಿದ್ಧಾಂತವನ್ನು ನಂಬುವವರು ನನ್ನ ಮೊದಲ ಮಾತಿಗೆ ಆಕ್ಷೇಪ ಎತ್ತಬಹುದು: ಕರ್ಮವೆಂದರೆ ವಿಧಿಯಲ್ಲ, ಅದು ಮನುಷ್ಯನ ಹೊಣೆಗಾರಿಕೆಯನ್ನು ಹೇಳುವ ತತ್ವ ಎಂದು. ಒಪ್ಪುತ್ತೇನೆ. ಕರ್ಮವನ್ನು ಅದರ ಎತ್ತರದಲ್ಲಿ ಓದಿದರೆ ಅದು ಮಾಡುವವನಿಗೆ ಹೇಳಿದ ಮಾತು. ನೋಡುತ್ತ ನಿಂತವನಿಗೆ ಕೊಟ್ಟ ನೆಪವಲ್ಲ. ಹಾಗೆ ಓದಿದರೆ ಮಗು ಕಲಿಯದೆ ಉಳಿದದ್ದು ಮಗುವಿನ ಕರ್ಮವಾಗದು. ಶಾಲೆ ಕೊಡದ ನಮ್ಮ ಕರ್ಮವಾಗುತ್ತದೆ. ಬುದ್ಧ ಕರ್ಮವನ್ನು ಸಂಕಲ್ಪದಲ್ಲಿ ಇಟ್ಟ, ಮನುಷ್ಯನನ್ನು ಹುಟ್ಟಿನಿಂದ ಅಳೆಯುವುದನ್ನು ಅಲ್ಲಗಳೆದ. ಅವನ ಮಾತು ಈ ಸೀಮೆಗೆ ಹೊರಗಿನದಲ್ಲ; ನಮ್ಮ ಗಡಿಗೆ ಹೊಂದಿಕೊಂಡ ಸನ್ನತಿಯ ಭೀಮಾ ದಂಡೆಯಲ್ಲಿ ಅಶೋಕನ ಶಾಸನಗಳಿವೆ, ಕನಗನಹಳ್ಳಿಯ ಸ್ತೂಪವಿದೆ. ವಚನಕಾರರಲ್ಲಿ ಮೊದಲಿಗರಾದ ದೇವರ ದಾಸಿಮಯ್ಯ ಸುರಪುರ ಸೀಮೆಯ ಮುದನೂರಿನವರು, ಮಗ್ಗದ ಕಾಯಕದವರು. ಅವರ ನಂತರ ಕಲ್ಯಾಣದಲ್ಲಿ ಬಸವಣ್ಣನವರ ಸುತ್ತ ನೆರೆದ ಶರಣರಲ್ಲಿ ಮಡಿವಾಳರು, ಅಂಬಿಗರು, ಚರ್ಮದ ಕೆಲಸದವರು, ಹೆಂಗಸರು ಇದ್ದರು. ಅನುಭಾವದ ಮಾತನ್ನು ಅವರು ಆಡುಗನ್ನಡದಲ್ಲಿ ಆಡಿದರು. ಜ್ಞಾನವು ಹುಟ್ಟಿನಿಂದ ಕೆಲವರಿಗೆ ಮೀಸಲು ಎಂಬ ವ್ಯವಸ್ಥೆಗೆ ಅವರು ಕೊಟ್ಟ ಉತ್ತರ ಅದು. ಆ ಪರಂಪರೆಯ ವಾರಸುದಾರರು ನಾವೆಂದು ಹೇಳಿಕೊಂಡು, ಜ್ಞಾನವು ಹಣದಿಂದ ಕೆಲವರಿಗೆ ಮೀಸಲು ಎಂಬ ವ್ಯವಸ್ಥೆಗೆ ತಲೆಬಾಗುವುದು ಹೇಗೆ ಸರಿ?

ಯಾವುದನ್ನು ಮಾರಬಹುದು, ಯಾವುದನ್ನು ಮಾರಬಾರದು ಎಂಬುದು ತತ್ವಶಾಸ್ತ್ರದ ಹಳೆಯ ಪ್ರಶ್ನೆ. ಅಮೆರಿಕದ ಚಿಂತಕ ಮೈಕೆಲ್ ಸ್ಯಾಂಡೆಲ್ 2012ರ ತಮ್ಮ ಪುಸ್ತಕದಲ್ಲಿ ಅದನ್ನು ಮತ್ತೆ ಎತ್ತಿದರು. ಕೆಲವು ವಸ್ತುಗಳು ಮಾರಾಟಕ್ಕೆ ಬಂದ ಕ್ಷಣವೇ ತಮ್ಮ ಗುಣ ಕಳೆದುಕೊಳ್ಳುತ್ತವೆ. ಶಾಲೆ ಅಂಥದ್ದು. ಅದು ಅಕ್ಷರ, ಲೆಕ್ಕ ಕಲಿಸುವುದರ ಜೊತೆಗೆ ಒಂದೇ ಚಾಪೆಯ ಮೇಲೆ ಬೇರೆ ಬೇರೆ ಮನೆಯ ಮಕ್ಕಳನ್ನು ಕೂರಿಸಿ ‘ನೀವೆಲ್ಲ ಒಂದೇ ಊರಿನವರು’ ಎಂದು ಮಾತಿಲ್ಲದೆ ಹೇಳುತ್ತದೆ. ಈ ಎರಡನೆಯ ಪಾಠವನ್ನು ಎಷ್ಟು ಶುಲ್ಕ ಕೊಟ್ಟರೂ ಕೊಳ್ಳಲಾಗದು, ಏಕೆಂದರೆ ಶುಲ್ಕ ಕೊಟ್ಟ ಮೇಲೆ ಒಂದೇ ಬಗೆಯ ಮನೆಯವರಷ್ಟೇ ಆ ಚಾಪೆಗೆ ಬರುತ್ತಾರೆ. ಶರಣರು ದಾಸೋಹವನ್ನು ದಾನದಿಂದ ಬೇರೆ ಮಾಡಿದ್ದು ಇದೇ ಕಾರಣಕ್ಕೆ. ದಾನದಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ. ದಾಸೋಹದಲ್ಲಿ ದುಡಿದವನು ತನ್ನ ದುಡಿಮೆಯನ್ನು ಸಮಾಜದ್ದೆಂದು ತಿಳಿದು ಒಪ್ಪಿಸುತ್ತಾನೆ, ಅವನೂ ಅದೇ ಪಂಕ್ತಿಯಲ್ಲಿ ಕೂರುತ್ತಾನೆ. ತೆರಿಗೆಯಿಂದ ನಡೆಯುವ, ಎಲ್ಲರ ಮಕ್ಕಳೂ ಕೂರುವ ಶಾಲೆ ಈ ಕಾಲದ ದಾಸೋಹ.

ಇದು ಬರೀ ಭಾವನೆಯಲ್ಲ ಎಂಬುದಕ್ಕೆ ಯಾದಗಿರಿಯಲ್ಲೇ ಸಾಕ್ಷಿಯಿದೆ. ಸರ್ಕಾರಿ ಶಾಲೆಗಳ ಬಿಸಿಯೂಟ ಯೋಜನೆ 2002ರಲ್ಲಿ ಮೊದಲು ಆರಂಭವಾದದ್ದು ಈ ಭಾಗದ ಹಿಂದುಳಿದ ಜಿಲ್ಲೆಗಳಲ್ಲಿ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಾಧೀಶರು ಧರ್ಮದ ಹೆಸರಿನಲ್ಲಿ ವಿರೋಧಿಸಿದರು; ಮಕ್ಕಳೇ ಎದ್ದು ನಿಂತು ನಮಗೆ ಮೊಟ್ಟೆ ಬೇಕು ಎಂದರು. ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದ ಅಧ್ಯಯನವು ಮೊಟ್ಟೆ ಸಿಕ್ಕ ಯಾದಗಿರಿಯ ಮಕ್ಕಳನ್ನು ಆಗ ಸಿಗದಿದ್ದ ಗದಗದ ಮಕ್ಕಳೊಂದಿಗೆ ಹೋಲಿಸಿತು; ಯಾದಗಿರಿಯ ಮಕ್ಕಳ ತೂಕ ಹೆಚ್ಚು ಏರಿತ್ತು. ಎಲ್ಲರಿಗೂ ಒಂದೇ ತಟ್ಟೆಯಲ್ಲಿ ಬಡಿಸಿದರೆ ರಾಜ್ಯದ ಕೊನೆಯ ಜಿಲ್ಲೆಯ ಮಗುವೂ ಮೇಲೇಳುತ್ತದೆ ಎಂಬುದು ತಕ್ಕಡಿಯ ಮೇಲೆಯೇ ಕಂಡಿತು. ಮೊಟ್ಟೆ ತಿನ್ನದ ಮಗುವಿಗೆ ಬಾಳೆಹಣ್ಣು, ಚಿಕ್ಕಿ ಕೊಟ್ಟರು. ಯಾರ ನಂಬಿಕೆಗೂ ಭಂಗ ಬರಲಿಲ್ಲ. ಧರ್ಮ ಹಸಿದ ಮಗುವಿನ ಪಕ್ಷ ವಹಿಸಬೇಕೇ ಹೊರತು ಅಡುಗೆಮನೆಯ ಬಾಗಿಲು ಕಾಯಬಾರದು.

ವಿರೋಧದ ವಾದಗಳಲ್ಲಿ ಗಟ್ಟಿಯಾದದ್ದು ಬಡ ತಂದೆತಾಯಿಯದೇ. ‘ನಮ್ಮ ಮಗಳಿಗೆ ಈ ವರ್ಷವೇ ಮಾಸ್ತರ ಬೇಕು, ನಿಮ್ಮ ಸಮಾನತೆ ಬರುವವರೆಗೆ ಕಾಯಲು ಆಗದು’ ಎಂದು ಕಿವಿಯೋಲೆ ಅಡವಿಟ್ಟು ಖಾಸಗಿ ಶಾಲೆಗೆ ಹಾಕುವ ಅವ್ವನನ್ನು ದೂರುವ ಹಕ್ಕು ಯಾರಿಗೂ ಇಲ್ಲ. ನನ್ನ ತಕರಾರು ಅವಳ ಮೇಲಲ್ಲ, ಅವಳನ್ನು ಆ ಅಡವಿಗೆ ದೂಡಿದ ನೀತಿಯ ಮೇಲೆ. ಅವಳು ಕೊಟ್ಟ ಹಣಕ್ಕೆ ಸಿಗುವುದೇನು ಎಂಬುದನ್ನೂ ನೋಡಬೇಕು. ಅವಿಭಜಿತ ಆಂಧ್ರಪ್ರದೇಶದ ಹಳ್ಳಿಗಳಲ್ಲಿ ಚೀಟಿ ಎತ್ತಿ ಬಡ ಮಕ್ಕಳನ್ನು ಖಾಸಗಿ ಶಾಲೆಗೆ ಕಳಿಸಿ ನಾಲ್ಕು ವರ್ಷ ಗಮನಿಸಿದ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಅವರ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ತೆಲುಗು, ಗಣಿತಗಳಲ್ಲಿ ಆ ಮಕ್ಕಳಿಗೂ ಸರ್ಕಾರಿ ಶಾಲೆಯಲ್ಲಿ ಉಳಿದವರಿಗೂ ವ್ಯತ್ಯಾಸ ಕಾಣಲಿಲ್ಲ. ಹಿಂದಿಯಲ್ಲಿ ಮಾತ್ರ ಖಾಸಗಿಯವರು ಮುಂದಿದ್ದರು. ಖಾಸಗಿ ಶಾಲೆಗಳು ಬಹಳ ಕಡಿಮೆ ಖರ್ಚಿನಲ್ಲಿ ಇದನ್ನು ಮಾಡಿದವು ಎಂಬುದನ್ನೂ ಅದೇ ಅಧ್ಯಯನ ಹೇಳುತ್ತದೆ, ಅದನ್ನು ಮುಚ್ಚಿಡಬಾರದು. ಆದರೆ ಆ ಉಳಿತಾಯದ ದೊಡ್ಡ ಪಾಲು ಬರುವುದು ಶಿಕ್ಷಕರಿಗೆ ಕೊಡುವ ತೀರ ಕಡಿಮೆ ಪಗಾರದಿಂದ. ಒಬ್ಬರ ದುಡಿಮೆಯನ್ನು ಅಗ್ಗವಾಗಿಸಿ ಇನ್ನೊಬ್ಬರ ಕಲಿಕೆಯನ್ನು ಅಗ್ಗವಾಗಿಸುವುದು ಕಾಯಕದ ಗೌರವ ಬಲ್ಲ ಸಮಾಜಕ್ಕೆ ಒಪ್ಪುವ ಮಾತಲ್ಲ.

ಎರಡನೆಯ ವಾದ ಇಂಗ್ಲಿಷಿನದು. ಕನ್ನಡ ಮಾಧ್ಯಮವನ್ನು ಬಡವರಿಗೆ ಬಿಟ್ಟು ತಮ್ಮ ಮಕ್ಕಳಿಗೆ ಇಂಗ್ಲಿಷ್ ಕೊಡಿಸುವವರ ಭಾಷಣವನ್ನು ದಲಿತರು ನಂಬದಿರುವುದು ಸಹಜ. 2014ರಲ್ಲಿ ಸುಪ್ರೀಂ ಕೋರ್ಟು ಮಾಧ್ಯಮದ ಆಯ್ಕೆ ಪೋಷಕರದ್ದೆಂದು ಹೇಳಿದ ಮೇಲೆ ಉಳಿದ ದಾರಿ ಒಂದೇ: ಒಳ್ಳೆಯ ಇಂಗ್ಲಿಷನ್ನು ಒಂದು ಭಾಷೆಯಾಗಿ ಊರ ಶಾಲೆಯಲ್ಲೇ ಕಲಿಸುವುದು. ಕನ್ನಡದ ಗಟ್ಟಿ ನೆಲೆಯ ಮೇಲೆ, ತಾಂಡಾದ ಮಗುವಿನ ಲಂಬಾಣಿಗೂ ಮೊಹಲ್ಲಾದ ಮಗುವಿನ ಉರ್ದುವಿಗೂ ಗೌರವ ಕೊಟ್ಟು ಕಲಿಸಬಲ್ಲ ಶಿಕ್ಷಕರು ಬೇಕು. 2019ರಿಂದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆದರು. ಫಲಕ ಬದಲಿಸುವುದು ಸುಲಭ, ಕಲಿಸುವವರನ್ನು ತಯಾರು ಮಾಡುವುದು ಕಷ್ಟದ ಕೆಲಸ.

ಮೂರನೆಯ ವಾದ, ಸರ್ಕಾರಿ ಶಾಲೆಯೇ ಕೆಟ್ಟಿದೆ, ಅದಕ್ಕೆ ಹಣ ಸುರಿಯುವುದು ವ್ಯರ್ಥ ಎಂಬುದು. ಕೆಟ್ಟಿರುವ ಕಡೆ ಕೆಟ್ಟಿದೆ ಎಂದು ಹೇಳಲೇಬೇಕು. ತಡವಾಗಿ ಬಂದು ಬೇಗ ಹೋಗುವ ಶಿಕ್ಷಕರ ಪರ ವಹಿಸಬೇಕಿಲ್ಲ. ಆದರೆ ಈ ಜಿಲ್ಲೆಯಲ್ಲಿ ಕಾಯಂ ಹುದ್ದೆಗಳು ಖಾಲಿ ಬಿದ್ದು, ವರ್ಷದ ನಡುವೆ ಬರುವ ಅತಿಥಿ ಶಿಕ್ಷಕರ ಮೇಲೆ ಶಾಲೆ ನಡೆಯುವುದು ವಾಡಿಕೆಯಾಗಿದೆ. ಬಂದವರು ತಮ್ಮ ಜಿಲ್ಲೆಗೆ ವರ್ಗ ಮಾಡಿಸಿಕೊಳ್ಳುವ ದಾರಿ ನೋಡುತ್ತಾರೆ. 2022ರಲ್ಲಿ ಕರೆದ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳಲ್ಲಿ 5,000 ಕಲ್ಯಾಣ ಕರ್ನಾಟಕಕ್ಕೆ ಮೀಸಲಾದದ್ದು 371ಜೆ ಬಲದಿಂದ. ಸಾರ್ವಜನಿಕ ಸಂಕಲ್ಪವಿದ್ದರೆ ಏನು ಸಾಧ್ಯ ಎಂಬುದಕ್ಕೆ ಅದೇ ಪುರಾವೆ. ಇನ್ನು ಮಠಗಳು, ದಾನಿಗಳು ನೋಡಿಕೊಳ್ಳುತ್ತಾರೆ ಎನ್ನುವವರಿದ್ದಾರೆ. ಸಿದ್ಧಗಂಗೆಯಂಥ ಮಠಗಳು ಜಾತಿ ನೋಡದೆ ಅನ್ನ, ಅಕ್ಷರ ಕೊಟ್ಟದ್ದನ್ನು ನಾಡು ಮರೆಯದು. ಅಜೀಂ ಪ್ರೇಮ್‌ಜಿ ಫೌಂಡೇಷನ್ ಸುರಪುರ, ಯಾದಗಿರಿಯ ಸರ್ಕಾರಿ ಶಾಲೆಗಳ ಜೊತೆ ಎರಡು ದಶಕದಿಂದ ಕೆಲಸ ಮಾಡುತ್ತಿದೆ. ಇವು ಸರ್ಕಾರದ ಕೈಗೆ ಬಲವಾಗಬಹುದು, ಕೈಯೇ ಆಗಲಾರವು. ದಾನಿ ಮನಸ್ಸು ಬದಲಿಸಿದರೆ ಮಗು ಯಾರನ್ನೂ ಕೇಳುವಂತಿಲ್ಲ, ಹಕ್ಕನ್ನು ಕೇಳಬಹುದು. ಮಠಗಳಿಗೂ ಒಂದು ಮಾತು ಹೇಳಬೇಕು. ಬಸವಣ್ಣನ ಹೆಸರು, ದೇವರ ಹೆಸರು, ಸಂತರ ಹೆಸರು ಹೊತ್ತ ಶಾಲೆ ಡೊನೇಷನ್ ಕೇಳಿದರೆ ಅದು ಆ ಹೆಸರಿಗೆ ಬಗೆಯುವ ದ್ರೋಹ.

ಮಾಡಬೇಕಾದದ್ದು ಗುಟ್ಟೇನಲ್ಲ. ಯಾದಗಿರಿಯ ಖಾಲಿ ಹುದ್ದೆಗಳನ್ನು ಮೊದಲು ತುಂಬಿ, ಇಲ್ಲಿಯೇ ನಿಂತು ಕಲಿಸುವವರಿಗೆ ಮನೆ, ಭತ್ಯೆ ಕೊಡಲಿ. ಹತ್ತಿ ಹಂಗಾಮಿಗೂ ಗುಳೆಯ ತಿಂಗಳುಗಳಿಗೂ ಋತುಮಾನದ ವಸತಿ ಶಾಲೆಗಳನ್ನು ಊರಲ್ಲೇ ತೆರೆಯಲಿ. ಮಗು ಬೆಂಗಳೂರಿಗೆ ಹೋಗಿದ್ದರೆ ಅಲ್ಲಿನ ಪಾಲಿಕೆ ಶಾಲೆ ಕಾಗದ ಕೇಳದೆ ಸೇರಿಸಿಕೊಳ್ಳಲಿ. ಸಾರ್ವಜನಿಕ ನಿವೇಶನ ಪಡೆದ ಪ್ರತಿ ಖಾಸಗಿ ಶಾಲೆಯೂ ಸುತ್ತಲಿನ ಕೂಲಿಯವರ ಮಕ್ಕಳನ್ನು ಉಚಿತವಾಗಿ ಸೇರಿಸಿಕೊಳ್ಳಲೇಬೇಕೆಂದು ಗುತ್ತಿಗೆಯಲ್ಲೇ ಬರೆಯಲಿ. ತಾಂಡಾದ, ಕೇರಿಯ ಶಾಲೆ ಮುಚ್ಚುವ ಮುನ್ನ ಆ ಕೇರಿಯ ಗ್ರಾಮಸಭೆಯ ಒಪ್ಪಿಗೆ ಕಡ್ಡಾಯವಾಗಲಿ. ಇವೆಲ್ಲಕ್ಕಿಂತ ಮೊದಲು ಊರಿನಲ್ಲಿ ದನಿಯಿರುವವರು, ಅಂದರೆ ಶಿಕ್ಷಕರು, ಅಧಿಕಾರಿಗಳು, ಜನಪ್ರತಿನಿಧಿಗಳು, ಮಠಗಳ ಭಕ್ತರು, ದರ್ಗಾಗಳ ಮುರೀದರು, ಈ ಜೂನ್ ತಿಂಗಳಲ್ಲಿ ತಮ್ಮ ಒಂದು ಮಗುವನ್ನಾದರೂ ಊರ ಸರ್ಕಾರಿ ಶಾಲೆಗೆ ಸೇರಿಸಲಿ. ಸೇರಿಸಲಾಗದವರು ಅದರ ಸಮಿತಿಯ ಸಭೆಗಾದರೂ ಹೋಗಿ ಕೂರಲಿ. ಎಲ್ಲರ ಮಕ್ಕಳು ಓದುವ ಶಾಲೆಯನ್ನು ಯಾವ ಸರ್ಕಾರವೂ ಕೆಡಲು ಬಿಡುವುದಿಲ್ಲ. ಬಡವರಷ್ಟೇ ಉಳಿದ ಶಾಲೆಯನ್ನು ಯಾವ ಸರ್ಕಾರವೂ ತಾನಾಗಿ ಉಳಿಸಿಲ್ಲ.